ಗೋಡೆಗೆ ಎರಡು ಸಲ

ಬಾಗಲಗುಂಟೆ
ಶುಕ್ರವಾರ ಸಂಜೆ

ಸಿದ್ದಕ್ಕಾ,

ನಮಸ್ಕಾರ. ನಿಮಗೀಗ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ ಎಂದು ನಿಮ್ಮ ಮಗ ಪರಮಾನಂದಣ್ಣ ಹೇಳಿದರು. ಅದಕ್ಕೇ ಈ ಪತ್ರ. ಅವರೇ ಓದಿ ಹೇಳಲಿ.

ಅಮ್ಮ ಪೀಣ್ಯದ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆ ಹೋದ ಸಂಜೆಗಳಲ್ಲಿ, ಪಕ್ಕದ ಮನೆಯಲ್ಲಿ ನೀವು ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ನಾನು ಹೋಮ್‌ವರ್ಕ್ ಮಾಡುತ್ತಿದ್ದೆ. ನಡುವೆ ನೀವು ಗೋಡೆಗೆ ಎರಡು ಸಲ ತಟ್ಟುತ್ತಿದ್ದಿರಿ. ನಾನೂ ಎರಡು ಸಲ ತಟ್ಟುತ್ತಿದ್ದೆ. ಒಂದು ದಿನ ಸಿಟ್ಟಿನಲ್ಲಿ ತಟ್ಟಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿಬಂದಿರಿ. "ಸಿಟ್ಟು ಆಮ್ಯಾಲ ಮಾಡುವಂತಿ. ಮೊದ್ಲ ಬಿಸಿ ರೊಟ್ಟಿ ತಿನ್ನು ಬಾರವ್ವಾ" ಅಂದಿರಿ. ಯಾಕೆ ಸಿಟ್ಟು ಎಂದು ಕೇಳಲೇ ಇಲ್ಲ.

ಈಗ ನನ್ನ ಪಕ್ಕದ ಮನೆಯಲ್ಲಿ ಎಂಟು ವರ್ಷದ ಸಿಂಚನಾ ಇದ್ದಾಳೆ. ಅವಳಮ್ಮನಿಗೂ ಸೆಕೆಂಡ್ ಶಿಫ್ಟ್. ಗೋಡೆ ತಟ್ಟುವುದನ್ನು ಅವಳಿಗೂ ಹೇಳಿಕೊಟ್ಟಿದ್ದೇನೆ. ನಿನ್ನೆ ನಾನು ತಟ್ಟಿದರೆ ಉತ್ತರ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ನಿಮ್ಮ ಮಾತನ್ನೇ ಹೇಳಿದೆ. ಬಂದಳು. ನನ್ನ ರೊಟ್ಟಿ ಹರಿದದ್ದು ನೋಡಿ ನಕ್ಕಳು. ಆದರೂ ಎರಡು ತಿಂದಳು. ಹಿಟ್ಟಿಗೆ ನೀರು ಎಷ್ಟು ಕಾಯಬೇಕು, ಪರಮಾನಂದಣ್ಣನ ಕೈಲಿ ಬರೆಸಿ ಕಳಿಸಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಗೋಡೆ ಸದ್ದಾಯಿತು. ಇವತ್ತು ಅವಳೇ ಮೊದಲು ತಟ್ಟಿದ್ದಾಳೆ.

ನಿಮ್ಮ ಗೋಡೆಯಾಚೆಯ
ಶೈಲಜಾ