ಸಿಡಿಮಿಡಿ ಸಾಹೇಬರು ಬೀಳಿಸಿದ ಕೋಲು

ಭಾನುವಾರ ಬೆಳಗ್ಗೆ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಪುಟ್ಟೀ,

ಆಸ್ಪತ್ರೆಯಲ್ಲಿ ಇಡೀ ವಾರ್ಡಿನ ಜವಾಬ್ದಾರಿ ನಿನ್ನ ಕೈಗೆ ಬಂತೆಂದು ತಿಳಿದದ್ದೇ ತಡ, ನಿಮ್ಮಪ್ಪ ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೂ ಓದಿ ಹೇಳಿ ಬಂದರು. ನಾನು ಹಾಗೆಲ್ಲ ಬೀಗುವವಳಲ್ಲ. ಎದುರು ಮನೆಯವರಿಗೆ ಮಾತ್ರ ಹೇಳಿದೆ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ಏನಾದರೂ ಹೊಸದು ಮಾಡೋಣ ಅಂದರೆ ನರ್ಸುಗಳೆಲ್ಲ ನೆಲ ನೋಡುತ್ತಾರೆ, ನೀನು ಹೇಗಮ್ಮ ಬಾಯಿ ಬಿಡಿಸ್ತೀಯ ಅಂತ. ಅಯ್ಯೋ ಮಹರಾಯ್ತಿ, ಯಾರನ್ನು ಕೇಳುತ್ತಿದ್ದೀಯೆ! ಡ್ರೈವಿಂಗ್ ಲೈಸೆನ್ಸ್ ಆಫೀಸಿನ ಮುಖ್ಯಸ್ಥೆಯಾಗಿ ಕೂತಾಗ ನನಗೆ ಸಿಕ್ಕಿದ್ದೂ ಅದೇ ಮೌನ. ಸಲಹೆ ಕೊಡಿ ಅಂದರೆ ಎಲ್ಲರೂ ಕಿಟಕಿ ನೋಡುತ್ತಿದ್ದರು. ಕೊನೆಗೆ ಗುಮಾಸ್ತೆಯೇ ಗುಟ್ಟು ಬಿಟ್ಟುಕೊಟ್ಟಳು. ಹೊಸದು ಮಾಡಿ ಕೆಟ್ರೆ ಬೈಸ್ಕೊಳ್ಳೋರು ನಾವು ತಾನೇ ಮೇಡಂ, ಸುಮ್ನಿದ್ರೆ ಯಾರೂ ಬೈಯಲ್ಲ, ಅಂದಳು.

ಅವತ್ತೇ ಎಲ್ಲರನ್ನೂ ಸೇರಿಸಿ ಹೇಳಿದೆ: ಯಾರೇ ಏನೇ ಯೋಚನೆ ತನ್ನಿ, ಒಂದು ವಾರ ಮಾಡಿ ನೋಡೋಣ, ಚೆನ್ನಾದರೆ ಹೆಸರು ನಿಮ್ಮದು, ಎಡವಟ್ಟಾದರೆ ಬೈಗುಳ ನನ್ನದು. ಯಾರೂ ನಂಬಲಿಲ್ಲ ಅನ್ನು.

ಮೊದಲು ಬಾಯಿ ಬಿಟ್ಟವರು ಯಾರು ಗೊತ್ತೇ? ನಮ್ಮ ಸಿಡಿಮಿಡಿ ಸಾಹೇಬರು! ಡ್ರೈವಿಂಗ್ ಟೆಸ್ಟ್ ಮಾಡುವ ಹಿರಿಯ ಇನ್ಸ್‌ಪೆಕ್ಟರ್. ಅವರನ್ನು ಕಂಡರೇ ಟೆಸ್ಟಿಗೆ ಬಂದವರಿಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಅನ್ನುವುದೇ ಮರೆತುಹೋಗುತ್ತಿತ್ತು. ಚೆನ್ನಾಗಿ ಓಡಿಸುವವರೂ ರಿವರ್ಸ್ ತೆಗೆಯುವಾಗ ಗಾಬರಿಯಾಗಿ ಮೈದಾನದಲ್ಲಿ ನೆಟ್ಟ ಕೋಲು ಬೀಳಿಸಿ ಫೇಲಾಗುತ್ತಿದ್ದರು. ಈ ಮನುಷ್ಯ ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಜನ ನನ್ನ ಕಂಡ್ರೆ ಹೆದರ್ತಾರೆ ಮೇಡಂ, ಟೆಸ್ಟಿಗೆ ಮುಂಚೆ ನಾನೇ ಒಂದ್ಸಲ ಓಡಿಸಿ ತೋರಿಸ್ತೀನಿ, ಅವ್ರು ನನಗೆ ಮಾರ್ಕ್ಸ್ ಹಾಕ್ಲಿ, ಭಯ ಹೋಗುತ್ತೆ, ಅಂದರು. ನನಗೆ ಎದ್ದು ಕುಣಿಯುವಷ್ಟು ಖುಷಿ.

ಕಳೆದ ತಿಂಗಳ ಒಂದು ಸೋಮವಾರಕ್ಕೆ ಗೊತ್ತು ಮಾಡಿದೆವು. ಮೈದಾನದ ತುಂಬ ಜನ. ನಮ್ಮ ಮೇಲಧಿಕಾರಿ ಹೇಳದೆ ಕೇಳದೆ ಅವತ್ತೇ ವಕ್ಕರಿಸಬೇಕೇ! ಸಾಹೇಬರು ಶರ್ಟಿನ ತೋಳು ಮಡಚಿ ಗಾಡಿ ಹತ್ತಿದರು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿದ್ದು ಬೆಣ್ಣೆಯಿಂದ ಕೂದಲೆಳೆದ ಹಾಗೆ. ಆಮೇಲೆ ರಿವರ್ಸ್. ಟಪ್ ಅಂತ ಕೋಲು ಬಿತ್ತು.

ನೆರೆದವರೆಲ್ಲ ತುಟಿ ಕಚ್ಚಿಕೊಂಡರು. ಮೇಲಧಿಕಾರಿ ಹುಬ್ಬು ಗಂಟಿಕ್ಕಿ, ಟೆಸ್ಟ್ ಮಾಡೋರೇ ಹೀಗಾದ್ರೆ ಆಫೀಸಿನ ಮರ್ಯಾದೆ ಏನಾಗ್ಬೇಕು, ಯಾರ ತಲೇಲಿ ಬಂದಿದ್ದು ಇದು, ಅಂತ ಗದರಿದರು. ಸಾಹೇಬರ ಮುಖ ನೋಡಲಾಗಲಿಲ್ಲ ಪುಟ್ಟೀ. ಇಷ್ಟು ವರ್ಷ ಊರನ್ನೇ ಹೆದರಿಸಿದ ಮನುಷ್ಯ ಕಣ್ಣು ಮೇಲೆತ್ತಲಿಲ್ಲ. ಅವರು ಅವತ್ತು ತಲೆ ತಗ್ಗಿಸಿ ಹೋಗಿದ್ದರೆ ನಮ್ಮ ಆಫೀಸಿನಲ್ಲಿ ಇನ್ನೊಬ್ಬರು ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ.

ಒಪ್ಪಿಗೆ ಕೊಟ್ಟಿದ್ದು ನಾನು ಸರ್, ಬೈಯೋದಿದ್ರೆ ನನ್ನನ್ನೇ ಬೈರಿ, ಅಂದೆ. ಅಷ್ಟಕ್ಕೇ ಸುಮ್ಮನಿರಬೇಕೋ ಬೇಡವೋ? ಈಗ ನನ್ನ ಸರದಿ ಅಂತ ಕನ್ನಡಕ ಏರಿಸಿಕೊಂಡು ಅದೇ ಗಾಡಿ ಹತ್ತಿದೆ. ಎಂಟು ಹೇಗೋ ಆಯಿತು. ರಿವರ್ಸ್ ತೆಗೆದೆ ನೋಡು, ನಾನು ಬೀಳಿಸಿದ್ದು ಒಂದಲ್ಲ, ಸಾಲಾಗಿ ಮೂರು!

ಟೆಸ್ಟಿಗೆ ಬಂದಿದ್ದ ಅಜ್ಜಿಯೊಬ್ಬರು, ಮೇಡಂ ಫೇಲು, ಅಂತ ಕೂಗಿಯೇಬಿಟ್ಟರು. ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಿಡಿಮಿಡಿ ಸಾಹೇಬರೂ ನಕ್ಕರು; ಅವರಿಗೆ ಅಷ್ಟೊಂದು ಹಲ್ಲಿರುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಕ್ಕು ಹಗುರಾದ ಜನ ಆಮೇಲೆ ಒಬ್ಬೊಬ್ಬರಾಗಿ ಸಲೀಸಾಗಿ ಓಡಿಸಿದರು. ಅವತ್ತು ಪಾಸಾದಷ್ಟು ಜನ ಹಿಂದೆಂದೂ ಪಾಸಾಗಿರಲಿಲ್ಲ. ಅಜ್ಜಿಯಂತೂ ಒಂದು ಕೋಲನ್ನೂ ಮುಟ್ಟಲಿಲ್ಲ. ಮೇಲಧಿಕಾರಿ ಹೊರಡುವಾಗ ಮೀಸೆಯಡಿಯಲ್ಲೇ ನಗುತ್ತ, ಇದನ್ನ ಮುಂದುವರಿಸಿ, ಆದ್ರೆ ನೀವು ಮಾತ್ರ ಗಾಡಿ ಹತ್ಬೇಡಿ, ಅಂದರು.

ಮರುದಿನ ಗುಮಾಸ್ತೆ ಒಂದು ಯೋಚನೆ ತಂದಳು, ವಾಚ್‌ಮನ್ ಎರಡು ತಂದ. ಈಗ ಅವರ ಬಾಯಿ ಮುಚ್ಚಿಸುವುದೇ ನನಗೆ ದೊಡ್ಡ ಕೆಲಸವಾಗಿದೆ. ಅರ್ಧಕ್ಕರ್ಧ ಕೆಲಸಕ್ಕೆ ಬಾರದವು, ಆದರೂ ಮಾಡಿ ನೋಡುತ್ತೇವೆ. ಬೆಳಗ್ಗೆ ಆಫೀಸಿಗೆ ಹೋಗುವಾಗ ಈ ವಯಸ್ಸಿನಲ್ಲಿ ನನಗೆ ಎಷ್ಟು ಉಮೇದು ಗೊತ್ತಾ?

ನೀನೂ ನರ್ಸುಗಳಿಗೆ ಭಾಷಣ ಬಿಗಿಯಬೇಡ. ಮೊದಲು ಮುಂದೆ ಬಂದವರು ಎಡವಿದಾಗ ಪಕ್ಕದಲ್ಲಿ ನಿಂತುಕೋ, ಸಾಕು. ಮತ್ತೆ ಹೊತ್ತಿಗೆ ಸರಿಯಾಗಿ ಊಟ ಮಾಡು.

ಪ್ರೀತಿಯಿಂದ,
ನಿನ್ನ ಅಮ್ಮ

ತಾ.ಕ.: ಸಾಹೇಬರ ಮಾನ ಉಳಿಸಲು ನಾನು ಬೇಕಂತಲೇ ಕೋಲು ಬೀಳಿಸಿದೆ ಅಂತ ಆಫೀಸಿಗೆ ಆಫೀಸೇ ನಂಬಿದೆ. ಎಂಥಾ ದೊಡ್ಡ ಮನಸ್ಸು ಮೇಡಂದು ಅಂತ ಸಾಹೇಬರು ಕಣ್ಣಲ್ಲಿ ನೀರು ತಂದುಕೊಂಡರು. ನಿನ್ನ ಹತ್ತಿರ ಮುಚ್ಚಿಡುವುದೇನು? ಆಫೀಸಿನ ಮರ್ಯಾದೆ ಉಳಿಯಲಿ, ಒಂದೂ ಬೀಳದಿರಲಿ ಅಂತ ಉಸಿರು ಬಿಗಿಹಿಡಿದು ಓಡಿಸಿದ್ದೆ ಕಣೇ. ನಿಮ್ಮಪ್ಪನಿಗೆ ಹೇಳೀಯ, ಜೋಕೆ!