ವರ್ನನ್ ತಂದ ವೀಳ್ಯ

ಲೂಯಿಸ್‌ವಿಲ್, ಟೆಕ್ಸಸ್
೧೪ ಏಪ್ರಿಲ್ ೨೦೨೫, ಸೋಮವಾರ

ಪ್ರೀತಿಯ ಡಾಕ್ಟರ್ ಸಾಹೇಬರಿಗೆ ಅವರ ಮನೆಯ ಖಾಯಂ ಪೇಷಂಟು ಚಂದ್ರಪ್ರಭಾಳ ನಮಸ್ಕಾರಗಳು.

ನಿಮ್ಮ ಮೊಣಕಾಲು ಹೇಗಿದೆ? ನಿಮ್ಮ ಅಕ್ಕನ ಸೊಂಟದ ಸುದ್ದಿಯನ್ನೇನೋ ದಿನಾ ಫೋನಿನಲ್ಲಿ ಹೇಳುತ್ತೀರಿ, ನಿಮ್ಮ ಕಾಲಿನ ಮಾತು ಬಂದರೆ ಮಾತ್ರ ಹಾರಿಸಿಬಿಡುತ್ತೀರಿ. ವಿದ್ಯಾವತಿ ಅಕ್ಕ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆದರು ಎಂದು ಕೇಳಿ ಜೀವಕ್ಕೆ ಹಿತವಾಯಿತು. ಅಮೆರಿಕದ ದೊಡ್ಡ ಡಾಕ್ಟರು ತನಗೆ ಗಂಜಿ ಕುಡಿಸುತ್ತಾನೆ ಎಂದು ಓಣಿಗೆಲ್ಲ ಹೇಳಿಕೊಂಡು ಬೀಗುತ್ತಿರಬೇಕು, ಬೀಗಲಿ ಪಾಪ. ಧಾರವಾಡದಲ್ಲಿದ್ದೇನೆ ಎಂದು ದಿನಾ ಪೇಡೆ ತಿನ್ನಬೇಡಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಊರಿಗೆಲ್ಲ ಬುದ್ಧಿ ಹೇಳುವವರು ನೀವು, ನಿಮಗೆ ಹೇಳಲು ನಾನೊಬ್ಬಳೇ ಇರುವುದು. ನಾನು ಆರಾಮ ಇದ್ದೇನೆ. ಮಗಳು ಅನಿಕಾ ಸೈಪ್ರೆಸ್‌ನಿಂದ ದಿನಾ ಫೋನ್ ಮಾಡಿ, ಒಬ್ಬಳೇ ಏಕೆ ಇರುತ್ತೀ, ನಮ್ಮ ಹತ್ತಿರ ಹ್ಯೂಸ್ಟನ್ನಿಗೇ ಶಿಫ್ಟ್ ಆಗು ಎಂದು ಇಂಗ್ಲಿಷಿನಲ್ಲಿ ಜಗಳವಾಡುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಇಬ್ಬರೂ ಸೋಲುವುದಿಲ್ಲ.

ದಿನಾ ಫೋನಿನಲ್ಲಿ ಸಿಗುವವಳು ಕಾಗದ ಬರೆಯಲು ಕುಳಿತದ್ದೇಕೆ ಎಂದರೆ, ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ. ವರ್ನನ್ ತೀರಿಕೊಂಡ ಎಂದು ಹೋದ ತಿಂಗಳು ಹೇಳಿದಾಗ "ಛೇ" ಎಂದಿರಿ. ಅತ್ತಿರೇನೋ, ನನಗೆ ಕಾಣಲಿಲ್ಲ. ಆಮೇಲೆ ಹುಲ್ಲಿಗೆ ನೀರು ಬಿಡುತ್ತೀಯೋ ಇಲ್ಲವೋ ಎಂದು ಕೇಳಿದಿರಿ. ಆ ಮಾತು ಅಲ್ಲಿಗೇ ನಿಂತುಹೋಯಿತು. ಈಗ ಅದನ್ನು ಮುಂದುವರಿಸಬೇಕಾಗಿದೆ. ಪಕ್ಕದ ಬೀದಿಯ ಚಂದ್ರಮೋಹನ ಅವರು ನಾಡಿದ್ದು ಹುಬ್ಬಳ್ಳಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಕನ್ನಡಕ ಹಾಕಿಕೊಂಡು, ಅಕ್ಕ ಮಲಗಿದ ಮೇಲೆ ಓದಿ.

ಶನಿವಾರ ವರ್ನನ್‌ನ ಮಗಳು ಡೆಲ್ಫೀನ್ ಬಂದಿದ್ದಳು. ಅಪ್ಪನ ಮನೆ ಖಾಲಿ ಮಾಡಲು ಆಸ್ಟಿನ್ ಹತ್ತಿರದ ಲಿಯಾಂಡರ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದವಳು, ಅವನ ಅಡುಗೆಮನೆಯಲ್ಲಿ ಸಿಕ್ಕಿದ ನಮ್ಮ ಸ್ಟೀಲ್ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ಒಂದರೊಳಗೊಂದು ಜೋಡಿಸಿ ತಂದಿದ್ದಳು. ಶೇಂಗಾ ಚಟ್ನಿಯದು, ಗುರೆಳ್ಳು ಚಟ್ನಿಯದು, ದೀಪಾವಳಿಯ ಕರಚೀಕಾಯಿಯದು. ಇಷ್ಟೊಂದು ಡಬ್ಬಿ ಅವನ ಮನೆ ಸೇರಿದ್ದವು ಎಂದು ನನಗೇ ಗೊತ್ತಿರಲಿಲ್ಲ. ಆ ಹುಡುಗಿ ಆಸ್ಟಿನ್ನಿನ ಆಸ್ಪತ್ರೆಯಲ್ಲಿ ನರ್ಸ್, ಎಷ್ಟೋ ಸಾವು ನೋಡಿದವಳು, ನನ್ನ ಮುಂದೆ ಡಬ್ಬಿ ಇಡುತ್ತ ಗೊಳೋ ಎಂದು ಅತ್ತುಬಿಟ್ಟಳು. ಕೂಡಿಸಿ ಚಹಾ ಮಾಡಿಕೊಟ್ಟೆ. ಆಗ ಅವಳು ಹೇಳಿದ ಮಾತು ಕೇಳಿದ ಮೇಲೆ ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

ನಿಮಗೂ ವರ್ನನ್‌ನಿಗೂ ಗಂಟು ಬಿದ್ದದ್ದನ್ನು ನೆನೆಸಿಕೊಂಡರೆ ನಗು ಬರುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದ್ದ ಆ ಮೂಲನಿವಾಸಿ ಲಕೋಟಾ ಬುಡಕಟ್ಟಿನ ಮನುಷ್ಯನಿಗೆ ನೀವು ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಹಾಡುವುದನ್ನು ಬಿಡು ಎಂದಿರಂತೆ. ಅವನು, ಊಟ ಬೇಕಾದರೆ ಬಿಡುತ್ತೇನೆ ಎಂದನಂತೆ. ನೀವು ರಿಟೈರ್ ಆದ ಮೇಲೂ ಆ ಜಗಳ ಮುಗಿಯಲಿಲ್ಲ, ಜಗಳವೇ ಸ್ನೇಹವಾಯಿತು. ಭಾನುವಾರ ಅವರ ಜನ ಸೇರಿ ಹಾಡುವ ಡಲ್ಲಾಸ್‌ನ ಆ ಹಾಲ್‌ಗೆ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದ್ದವಳು ನಾನೇ. ನಡುವೆ ಒಂದೇ ದೊಡ್ಡ ಡ್ರಮ್, ಸುತ್ತ ಕುರ್ಚಿ ಹಾಕಿಕೊಂಡು ಗಂಡಸರು, ಅವರ ಬೆನ್ನ ಹಿಂದೆ ನಿಂತು ದನಿ ಎತ್ತುವ ಹೆಂಗಸರು. ವರ್ನನ್ ಒಬ್ಬನೇ ಎತ್ತರದ ಸ್ವರದಲ್ಲಿ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು. ನಮ್ಮ ಆಲಾಪದ ಹಾಗೆ ಮೊದಲು ಬರೀ ಸ್ವರ, ಮಾತು ಬರುವುದು ಆಮೇಲೆ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಆ ಮನುಷ್ಯ ಅಷ್ಟು ದನಿ ಎಲ್ಲಿಂದ ತರುತ್ತಿದ್ದನೋ! ನೀವು ಮಾತ್ರ ಹಾಡು ಕೇಳದೆ ಅವನ ಉಗುರು ನೀಲಿಗಟ್ಟುತ್ತದೋ ಎಂದು ನೋಡುತ್ತ ಕೂರುತ್ತಿದ್ದಿರಿ. ಅನಿಕಾ ಒಮ್ಮೆ ಫೋನ್ ಎತ್ತಿ ರೆಕಾರ್ಡ್ ಮಾಡಲು ಹೋದಾಗ ಅವನು ನಗುತ್ತಲೇ ಅಂಗೈ ಅಡ್ಡ ಹಿಡಿದಿದ್ದ. ಕೆಲವು ಹಾಡು ಎಲ್ಲರಿಗೂ, ಕೆಲವು ಪೂಜೆಗೆ, ಕೆಲವು ಒಂದು ಮನೆಯವರಿಗೆ ಮಾತ್ರ, ಅವನ್ನು ಬಾಯಿಂದ ಕಿವಿಗೇ ಕೊಡಬೇಕು ಎಂದಿದ್ದ.

ಅಂಥ ಮನೆಯ ಹಾಡು ಅವನ ಹತ್ತಿರ ಒಂದಿತ್ತು. ಅವನ ತಾಯಿ ಕಟ್ಟಿದ್ದು. ಊರಿನಲ್ಲಿ ಏನಿದೆ, ಪಟ್ಟಣದಲ್ಲಿ ಕೆಲಸ ಕೊಡುತ್ತೇವೆ ಎಂದು ಸರ್ಕಾರದವರು ದಕ್ಷಿಣ ಡಕೋಟದಿಂದ ಬಸ್ಸು ಹತ್ತಿಸಿದಾಗ ಆ ತಾಯಿ ಹಿಂದೆ ಉಳಿದ ತನ್ನ ತಂಗಿಗಾಗಿ ಹಾಡಿದ್ದಂತೆ. ಆಗ ವರ್ನನ್ ಅವಳ ತೊಡೆಯ ಮೇಲಿದ್ದ ಕೂಸು. ಡಲ್ಲಾಸ್‌ನ ಬಾಡಿಗೆ ಮನೆಯಲ್ಲಿ ಅವಳು ಅದನ್ನು ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳಂತೆ, ಅವನು ಹಾಗೆಯೇ ಕಲಿತನಂತೆ. ತಂಗಿಗೆ ಅವಳು ಏನು ಹೇಳಿದಳು ಎಂದು ನಾನು ಕೇಳಿದ್ದೆ. ಅದು ಡೆಲ್ಫೀನ್‌ಗೆ ಹೇಳಬೇಕಾದದ್ದು ಎಂದು ತಲೆ ಅಲ್ಲಾಡಿಸಿದ. ನನಗೆ ಸಿಟ್ಟು ಬಂದಿತ್ತು, ಇಷ್ಟು ಚಟ್ನಿಪುಡಿ ತಿಂದಿದ್ದಾನೆ, ಇಷ್ಟು ಹೇಳಿದರೆ ಏನಾಗುತ್ತಿತ್ತು ಅಂತ.

ಈಗ ಜನವರಿಯ ಆ ಸಂಜೆಗೆ ಬರುತ್ತೇನೆ. ನೀವು ಊರಿಗೆ ಹೊರಡುವ ಗಡಿಬಿಡಿ, ನಡುಮನೆಯಲ್ಲಿ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ತೆರೆದ ಬಾಗಿಲಿಂದ ಎಲ್ಲ ಕಾಣುತ್ತಿತ್ತು. ವರ್ನನ್ ಬಂದ. ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು, ಕೈಯಲ್ಲಿ ಹೊಸ ಸ್ಕ್ಯಾನಿನ ಸಿ.ಡಿ. ಹೊಸ ಡಾಕ್ಟರು ಏನೇನೋ ಪರ್ಸೆಂಟ್ ಲೆಕ್ಕ ಹೇಳುತ್ತಾರೆ, ನೀನು ನೋಡಿ ಹೇಳು ಎಂದ. ನೀವು ಕಂಪ್ಯೂಟರಿನಲ್ಲಿ ಹಾಕಿ ನೋಡಿದಿರಿ. ಆಮೇಲೆ ಅವನು ಜೇಬಿನಿಂದ ಕೆಂಪು ಬಟ್ಟೆಯ ಪುಟ್ಟ ಗಂಟೊಂದನ್ನು ತೆಗೆದು ಎರಡೂ ಕೈಯಲ್ಲಿ ನಿಮ್ಮತ್ತ ಚಾಚಿದ. ನೀವು ಮೂಸಿ ನೋಡಿದ್ದೇ ತಡ, ಇಂಗ್ಲಿಷ್ ಮರೆತುಹೋಗಿ, "ಹೊಗಿಸೊಪ್ಪು! ನನ್ನ ಮನ್ಯಾಗ!" ಎಂದು ಕಿರುಚಿದ್ದು ಒಳಗಿನ ನನಗೆ ಕೇಳಿ ಕೈಯಲ್ಲಿನ ರೊಟ್ಟಿ ಹರಿಯಿತು. ಹೊರಗೆ ಬಂದು ನೋಡಿದರೆ ನೀವು ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದು ಅವನಿಗೇ ವಾಪಸು ಕೊಡುತ್ತಿದ್ದಿರಿ. ಸೇದುವುದಿಲ್ಲ ಸೇದುವುದಿಲ್ಲ ಎಂದು ನನಗೆ ಸುಳ್ಳು ಹೇಳುತ್ತ ಬಂದೆಯಾ ಎಂದು ಭಾಷಣ ಬೇರೆ. ವರ್ನನ್ ವಾದ ಮಾಡಲಿಲ್ಲ. ಗಂಟನ್ನು ಜೇಬಿಗೆ ಹಾಕಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, ಬೇಸಗೆಯ ರಜೆಗೆ ಮಗಳು ಬರುತ್ತಾಳೆ, ಅವಸರ ಮಾಡಬೇಕೇ ಎಂದು ಕೇಳಿದ. ನೀವು ಅವನ ಬೆನ್ನು ತಟ್ಟಿ, ನಮ್ಮ "ಏನೂ ಆಗೂದಿಲ್ಲ ತಗೋ" ಎನ್ನುವುದನ್ನೇ ಇಂಗ್ಲಿಷಿನಲ್ಲಿ ಹೇಳಿದಿರಿ. ಬೇಕಾದಷ್ಟು ಟೈಮ್ ಇದೆ ಅಂದಿರಿ. ಆವತ್ತು ಮಲಗುವ ಮುಂಚೆ ನನಗೆ ಹೇಳಿದ್ದೇನು? "ಅಂವ ಬ್ಯಾಸಗಿ ನೋಡೂದು ಕಷ್ಟ ಐತಿ, ಚಂದ್ರಾ."

ಡೆಲ್ಫೀನ್ ಹೇಳಿದಳು. ಅದು ಸೇದುವ ತಂಬಾಕಲ್ಲ. ಹಿರಿಯರ ಹತ್ತಿರ, ತಿಳಿದವರ ಹತ್ತಿರ ಏನಾದರೂ ದೊಡ್ಡದನ್ನು ಕೇಳಬೇಕಾದರೆ ಅವರ ಮನೆಯಲ್ಲಿ ತಂಬಾಕನ್ನು ಬಟ್ಟೆಯಲ್ಲಿ ಕಟ್ಟಿ ಮುಂದೆ ಹಿಡಿಯುತ್ತಾರಂತೆ. ತೆಗೆದುಕೊಂಡರೆ ಕೇಳಿದ್ದನ್ನು ಕೊಡಲು ಒಪ್ಪಿದ ಹಾಗೆ. ಅವನು ಕೇಳಲು ಬಂದದ್ದು ಇಷ್ಟೇ: ನನಗೆ ಎಷ್ಟು ದಿನ ಇದೆ, ಸ್ನೇಹಿತನಾಗಿ ಸುಳ್ಳು ಹೇಳದೆ ಹೇಳು.

ಏನ್ರಿ, ಅದು ವೀಳ್ಯವಲ್ಲವೇ? ಎಲೆ ಅಡಿಕೆ ಅಲ್ಲವೇ? ನರಗುಂದದಲ್ಲಿ ನಮ್ಮವ್ವನನ್ನು ಸೋಬಾನೆ ಹಾಡಲು ಕರೆಯಲು ಬಂದವರು ಬಾಯಲ್ಲಿ ಕರೆಯುತ್ತಿದ್ದರೇ? ಎಲೆ ಅಡಿಕೆ ಮುಂದೆ ಹಿಡಿಯುತ್ತಿದ್ದರು. ಜ್ವರ ಬಂದು ಮೈ ಕೆಂಡವಾದ ದಿನವೂ "ವೀಳ್ಯ ಹಿಡದೇನಿ, ಹೋಗಾಕ ಬೇಕು" ಎಂದು ಸೆರಗು ಬಿಗಿದುಕೊಂಡು ಹೋದವಳು ಅವ್ವ. ಅನಿಕಾಳ ಮದುವೆಗೆ ನೀವೇ ಈ ಟೆಕ್ಸಸ್ಸಿನಲ್ಲಿ ವೀಳ್ಯದೆಲೆ ಹುಡುಕಿಕೊಂಡು ಹ್ಯೂಸ್ಟನ್ ತನಕ ಹೋಗಿದ್ದಿರಿ. ಎಲೆ ಇಲ್ಲದೆ ಕರೆದರೆ ಕರೆದ ಹಾಗಲ್ಲ ಎಂದು ನನಗೇ ಪಾಠ ಹೇಳಿದ್ದಿರಿ. ಅಷ್ಟು ತಿಳಿದ ನಮಗೆ ಅವನ ಎರಡು ಕೈ ನೋಡಿ ತಿಳಿಯಲಿಲ್ಲವಲ್ಲ! ಸುಮ್ಮನೆ ಸೇದುವ ತಂಬಾಕನ್ನು ಯಾರಾದರೂ ಎರಡು ಕೈಯಲ್ಲಿ ಹಿಡಿದು ಕೊಡುತ್ತಾರೆಯೇ? ನಿಮಗೆ ನಲವತ್ತು ವರ್ಷ ಕರಿ ಶ್ವಾಸಕೋಶ ನೋಡಿ ನೋಡಿ ಆ ವಾಸನೆ ಬಂದರೆ ಕಣ್ಣು ಕುರುಡಾಗುತ್ತದೆ, ನಿಮ್ಮನ್ನು ಎಷ್ಟೆಂದು ಬೈಯಲಿ. ಆದರೆ "ಏನೂ ಆಗೂದಿಲ್ಲ" ಅಂದಿರಲ್ಲ, ಅದನ್ನು ನನಗೆ ನುಂಗಲಾಗುತ್ತಿಲ್ಲ. ನಾನೂ ಅಲ್ಲೇ ನಿಂತಿದ್ದೆ. ಒಳ್ಳೆಯ ಮಾತಾಡಿದಿರಿ ಎಂದು ಸಮಾಧಾನವಾಗಿ ಒಳಗೆ ಹೋಗಿ ಅವನಿಗೆ ರೊಟ್ಟಿ ಕಟ್ಟಿದೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎಂದು ನಮ್ಮಲ್ಲಿ ಎಷ್ಟು ಕಲಿಸಿದ್ದಾರೆ ಎಂದರೆ, ಸಾಯುವವನು ಬಂದು ಕೈಮುಗಿದು ಕೇಳಿದರೂ ನಾವು ಒಳ್ಳೆಯದನ್ನೇ ಆಡಿ ಕಳಿಸುತ್ತೇವೆ.

ಅವನು ನಿಮ್ಮ ಮಾತು ನಂಬಿದ. ನಮ್ಮ ಮನೆಯಿಂದ ಹೋದವನೇ ಮಗಳಿಗೆ ಫೋನ್ ಮಾಡಿ, ಡಾಕ್ಟರ್ ಹೇಳಿದ್ದಾನೆ, ಅವಸರವಿಲ್ಲ, ಬೇಸಗೆಯಲ್ಲೇ ಬಾ ಎಂದನಂತೆ. ಫೆಬ್ರವರಿಯಲ್ಲಿ ಅವಳು ಒಂದು ದಿನದ ಮಟ್ಟಿಗೆ ಬಂದಾಗ ಅಡುಗೆಮನೆಯ ಟೇಬಲ್ಲಿಗೆ ಬೆರಳು ಬಡಿಯುತ್ತ ಅಜ್ಜಿಯ ಹಾಡಿನ ಮೊದಲ ಭಾಗ ಕಲಿಸಿದನಂತೆ, ಆ ಬರೀ ಸ್ವರದ ಭಾಗ. ಅದು ಅವಳಿಗೆ ಗಟ್ಟಿಯಾಗುವವರೆಗೆ ಬಿಡಲಿಲ್ಲವಂತೆ. ಮಾತುಗಳನ್ನೂ ಈಗಲೇ ಕೊಡು ಎಂದು ಅವಳು ಕೇಳಿದಳು. ಅವನಿಗೆ ಕೆಮ್ಮು ಹತ್ತಿತು. ಬೇಸಗೆಯಲ್ಲಿ ಕೂತು ಒಂದೊಂದೇ ಹೇಳುತ್ತೇನೆ, ಬೇಕಾದಷ್ಟು ಟೈಮ್ ಇದೆ ಎಂದ. ನಿಮ್ಮ ಮಾತೇ, ಅಕ್ಷರ ಬದಲಾಗದೆ. ಮಾರ್ಚ್ ಮೊದಲ ವಾರ ಹೋಗಿಬಿಟ್ಟ. ಅಲ್ಲಿ ಡಕೋಟದಲ್ಲೂ ಆ ಹಾಡು ಬಲ್ಲವರು ಯಾರೂ ಉಳಿದಿಲ್ಲ, ಆ ತಂಗಿ ಹೋಗಿ ಯಾವ ಕಾಲವಾಯಿತೋ.

ಡೆಲ್ಫೀನ್ ನನ್ನ ಮುಂದೆ ಆ ಅರ್ಧ ಹಾಡಿ ತೋರಿಸಿದಳು. ಮನೆಯವರಲ್ಲದವರ ಮುಂದೆ ಹಾಡಬಹುದೇ ಎಂದು ಕೇಳಿದೆ. ಅಪ್ಪ ನಿಮ್ಮ ಡಬ್ಬಿಯಲ್ಲೇ ಉಂಡವನು ಎಂದಳು. ಸ್ವರ ಮೇಲೆ ಏರಿ, ಇಳಿದು, ಈಗ ಮಾತು ಬರಬೇಕು ಎನ್ನುವಲ್ಲಿ ಅವಳು ಬಾಯಿ ತೆರೆದೇ ನಿಂತಳು. ಆಮೇಲೆ ಬಾಯಿ ಮುಚ್ಚಿದಳು. ಅದನ್ನು ನಾನು ನೋಡಲಾರೆ ಅನ್ನಿಸಿ ಚಹಾ ಬಿಸಿ ಮಾಡುವ ನೆಪದಲ್ಲಿ ಎದ್ದುಹೋದೆ. ಅವರ ಮನೆಯಲ್ಲಿ ಒಂದು ವರ್ಷ ಅವನ ಡ್ರಮ್ ಮುಟ್ಟುವುದಿಲ್ಲವಂತೆ. ಬರುವ ಮಾರ್ಚ್‌ನಲ್ಲಿ ಬಂಧುಬಳಗವನ್ನೆಲ್ಲ ಕರೆದು ಊಟ ಹಾಕಿ ದುಃಖ ಇಳಿಸುತ್ತಾರೆ. ಆವತ್ತು ಅವಳು ಆ ಹಾಡು ಹಾಡಬೇಕು. ಅಜ್ಜಿಯ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ ಅಪ್ಪನನ್ನು ಹೇಗೆ ಕಳಿಸಿಕೊಡಲಿ ಎಂದು ಕೇಳಿದಳು.

ನಿಮ್ಮನ್ನು ಅವಳು ಒಂದು ಮಾತೂ ಬೈಯಲಿಲ್ಲ. ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲವಂತೆ, ನನ್ನ ಡಾಕ್ಟರಿಗೆ ತಂಬಾಕು ಕಂಡರೆ ಹೆದರಿಕೆ ಎಂದು ಹೇಳಿ ಹೇಳಿ ನಕ್ಕನಂತೆ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದಕ್ಕೇ ಅವಳ ಪಾಲಿನದನ್ನೂ ನಾನೇ ಇಲ್ಲಿ ಬೈದಿದ್ದೇನೆ, ತಪ್ಪು ತಿಳಿಯಬೇಡಿ. ನೀವು ಕೆಟ್ಟವರಲ್ಲ. ಸ್ನೇಹಿತನ ಮುಖ ನೋಡಿ ಆ ಮಾತು ಹೇಳಲಾಗಲಿಲ್ಲ ನಿಮಗೆ. ಅದು ನನಗೆ ಗೊತ್ತು, ಗೊತ್ತಿದ್ದೂ ಹೊಟ್ಟೆ ಉರಿಯುತ್ತದೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಮೆಟ್ಟಿಲ ಹತ್ತಿರ ಒಬ್ಬರನ್ನೇ ಬಿಡಬೇಡಿ. ಓಣಿಯ ಎಲ್ಲರನ್ನೂ ಕೇಳಿದೆನೆಂದು ತಿಳಿಸಿ. ಬಿಸಿಲಲ್ಲಿ ಟೊಪ್ಪಿಗೆ ಇಲ್ಲದೆ ತಿರುಗಬೇಡಿ. ದೇವರು ನಿಮ್ಮ ಆಯುಸ್ಸು ಗಟ್ಟಿ ಮಾಡಲಿ, ನನ್ನ ಜಗಳ ಇನ್ನೂ ಬಾಕಿ ಇದೆ.

ನಿಮ್ಮ
ಚಂದ್ರಪ್ರಭಾ

ತಾ.ಕ.: ಇವತ್ತು ಬುಧವಾರ. ಚಂದ್ರಮೋಹನ ಅವರು ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆಲೇ ನೆನಪಾಯಿತು. ಹೋದ ನವೆಂಬರಿನಲ್ಲಿ ನೀವಿಬ್ಬರೂ ಕೆರೆಯ ದಂಡೆಗೆ ವಾಕಿಂಗ್ ಹೋಗಿ ಬಂದ ದಿನ, ಬೂಟು ಬಿಚ್ಚುತ್ತ ನೀವು ಹೇಳಿದ್ದಿರಿ, "ಇವತ್ತ ವರ್ನನ್ ಅವರವ್ವನ ಹಾಡು ಹಾಡಾಕ ಸುರು ಮಾಡಿದ್ದ, ದಮ್ಮು ಹತ್ತಿತ್ತು, ಸಾಕು ಬಿಡೋ ಅಂತ ನಿಲ್ಲಿಸಿದೆ." ಬೆಂಚಿನ ಮೇಲೆ ನಿಮ್ಮೊಬ್ಬರ ಮುಂದೆ ಹಾಡಿದ್ದಾನೆ. ನಿಮಗೆ ರಾಗ ತಿಳಿಯದಿದ್ದರೆ ಬೇಡ, ಭಾಷೆ ಬಾರದಿದ್ದರೂ ಬೇಡ, ಕಿವಿಗೆ ಬಿದ್ದ ಶಬ್ದ ಬಿದ್ದ ಹಾಗೆ ಕನ್ನಡದಲ್ಲೇ ಬರೆಯಿರಿ, ಒಂದೇ ಒಂದು ಸಿಕ್ಕರೂ ಡೆಲ್ಫೀನ್ ಅದನ್ನು ಆ ಭಾಷೆ ತಿಳಿದವರ ಹತ್ತಿರ ಒಯ್ಯುತ್ತಾಳೆ. ಅವಳಿಗೆ ನಾನು ಇನ್ನೂ ಏನೂ ಹೇಳಿಲ್ಲ, ಸುಳ್ಳು ಆಸೆ ಹುಟ್ಟಿಸಲು ಧೈರ್ಯವಿಲ್ಲ. ನನ್ನ ಸಮಾಧಾನಕ್ಕೆಂದು ಏನೂ ಬರೆಯಬೇಡಿ, ಇದ್ದದ್ದು ಬರೆಯಿರಿ. ನೀವು ಅವನನ್ನು ನಿಲ್ಲಿಸಿದ್ದು ಮಾತು ಬರುವ ಮೊದಲೋ, ಬಂದ ಮೇಲೋ?