ಹೊರಗಿನ ಸಂಬಂಧ

ಬೆಟಗೇರಿ
೧೮ ನವೆಂಬರ್ ೨೦೨೪

ಪ್ರೀತಿಯ ತಂಗಿ ವಿದ್ಯಾಶ್ರೀ,

ಫೋನಿದ್ದೂ ಕಾಗದ ಬರೆಯುತ್ತಾಳಲ್ಲ, ಅಕ್ಕನಿಗೆ ತಲೆ ಕೆಟ್ಟಿತೇ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೊಂಬಳದ ಮಳೆ ಬೆಳೆ ವಿಚಾರಿಸಿ ಇಟ್ಟುಬಿಡುತ್ತೇನೆ. ಹೋದ ವಾರವೂ ಹಾಗೇ ಮಾಡಿದೆ.

ನನ್ನ ಮಲ್ಲು ಈಗ ನಡಿಗೆ ನಿಂತು ಪೂರ್ತಿ ಕುಳಿತುಬಿಟ್ಟಿದ್ದಾನೆ. ಹನ್ನೊಂದು ತುಂಬಿದ ಹುಡುಗನನ್ನು ನಮ್ಮವರ ತಮ್ಮ ಹೊನ್ನೇಶ ಮಾವನೇ ಬೆಳಿಗ್ಗೆ ಹೊತ್ತು ತಂದು ನಮ್ಮ ಪೆಂಡಾಲ್ ಅಂಗಡಿಯಲ್ಲಿ ಕೂರಿಸುತ್ತಾನೆ. ಬಂದವರಿಗೆಲ್ಲ ಇವನೇ ಮಾಲೀಕ! ಕುರ್ಚಿ ಎಷ್ಟ ಬೇಕ್ರಿ ಎಂದು ಗತ್ತಿನಿಂದ ಕೇಳುತ್ತಾನೆ. ನಗುತ್ತೇನೆ, ಆಮೇಲೆ ಒಳಗೆ ಹೋಗಿ ಅಳುತ್ತೇನೆ.

ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಸ್ನಾಯುವಿನ ಒಂದೊಂದು ಜೀವಕೋಶದ ಒಳಗೂ ಅದನ್ನು ಎತ್ತಿ ಹಿಡಿಯುವ ಹಂದರ ಇರುತ್ತದಂತೆ. ಆ ಹಂದರವನ್ನು ಹೊರಗಿನ ಪೊರೆಗೆ ಬಿಗಿಯುವ ಒಂದು ಪ್ರೋಟೀನು ಮಲ್ಲುವಿನ ಮೈಯಲ್ಲಿ ಇಲ್ಲವೇ ಇಲ್ಲ. ಕೈಕಾಲು ಆಡಿಸಿದಾಗೆಲ್ಲ ಪೊರೆ ಹರಿಯುತ್ತದೆ, ಹರಿದು ಹರಿದು ಕೊನೆಗೆ ಸ್ನಾಯುವೇ ಸವೆದುಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಮ್ಮವರು ಪೆಂಡಾಲ್ ಕಟ್ಟುವವರಲ್ಲವೇ, ತಕ್ಷಣ ತಿಳಿಯಿತು. ಕಂಬಾನೂ ಅದಾವು, ಬಟ್ಟೀನೂ ಐತಿ, ಬಿಗಿಯೋ ಹಗ್ಗ ಇಲ್ಲ, ಗಾಳಿ ಬಂದಾಗೊಮ್ಮೆ ಹರೀತೈತಿ, ಹೌದಲ್ರೀ ಅಂದರು. ಡಾಕ್ಟರಮ್ಮ ಹೌದೆಂದರು. ಆ ಹಗ್ಗ ಎಲ್ಲಿ ಸಿಗತೈತ್ರಿ ಅಂತ ಇವರು ಕೇಳಿದರು. ಆಕೆ ಫಲಿತಾಂಶದ ಕಾಗದ ಮಡಚಿ ನನ್ನ ಕೈಗಿಟ್ಟರು.

ಇಷ್ಟು ದಿನ ನಾವೆಲ್ಲ ಏನು ನಂಬಿದ್ದೆವು? ನಾನು ಅವ್ವನ ಸ್ವಂತ ತಮ್ಮನನ್ನು ಮದುವೆಯಾದೆ, ರಕ್ತದಲ್ಲಿ ರಕ್ತ ಕೂಡಿತು, ಅದಕ್ಕೇ ಮಗು ಹೀಗಾಯಿತು ಎಂದು. ಅದೇ ಹೆದರಿಕೆಗೆ ಅವ್ವ ನಿನಗೂ ಹೊನ್ನೇಶ ಮಾವನಿಗೂ ಗಟ್ಟಿಯಾಗಿದ್ದ ಮದುವೆ ಮುರಿದು ಹೊರಗಿನ ಸಂಬಂಧ ಹುಡುಕಿದಳು. ನೀ ಒಬ್ಬಾಕೆರ ಚೊಲೊ ಇರು ಅಂತ ನಿನ್ನ ಕೈ ಹಿಡಿದು ಅತ್ತಳು. ನೀನು ಅವ್ವ ತೋರಿಸಿದವನಿಗೆ ಕೊರಳೊಡ್ಡಿ ಹೊಂಬಳಕ್ಕೆ ಹೋದೆ. ಹೊನ್ನೇಶ ಮಾವ ಇನ್ನೂ ಮದುವೆಯಾಗಿಲ್ಲ.

ವಿದ್ಯಾ, ಅದು ಸಂಬಂಧದ ದೋಷವಲ್ಲವಂತೆ. ಯಾರನ್ನು ಮದುವೆಯಾಗಿದ್ದರೂ ಅಷ್ಟೇ. ಅವ್ವನಿಂದ ನನಗೆ ಬಂತು, ನನ್ನಿಂದ ಮಲ್ಲುವಿಗೆ. ಅವ್ವನ ಹಿರಿಯ ತಮ್ಮನೊಬ್ಬ ಕಾಲು ಸೋತು ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದನಲ್ಲ, ಅವನದೂ ಇದೇ ಇರಬೇಕಂತೆ. ಹೆಣ್ಣುಮಕ್ಕಳು ಹೊತ್ತು ತರುತ್ತೇವೆ, ಗಂಡುಮಕ್ಕಳು ಅನುಭವಿಸುತ್ತಾರೆ. ತಂಗಿ ಇದ್ದರೆ ಆಕೆಯಲ್ಲೂ ಇರಬಹುದು, ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿದರು. ಅವ್ವನಿಗೆ ಹೇಳಿಲ್ಲ. ಮುಂಡರಗಿಯಿಂದ ಫೋನು ಮಾಡಿದಾಗೆಲ್ಲ ನಿನ್ನನ್ನು ಉಳಿಸಿದೆನೆಂದು ಹಿಗ್ಗುತ್ತಾಳೆ, ನನಗೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನ್ನಿಸುತ್ತದೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ, ಒಂದು ಪರೀಕ್ಷೆ ಅಷ್ಟೇ. ನಿನ್ನ ಮಗ ಸಕ್ರಪ್ಪನನ್ನೂ ಕರೆದುಕೊಂಡು ಬಾ. ನಿನ್ನ ಅತ್ತೆಯ ಮುಂದೆ ಮಾತ್ರ, ಮಲ್ಲು ತಮ್ಮನನ್ನು ನೋಡಬೇಕೆಂದು ಹಟ ಹಿಡಿದಿದ್ದಾನೆ ಎಂದು ಹೇಳು.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ದೀಪಾವಳಿಗೆ ನೀನು ಕಳಿಸಿದ ವಿಡಿಯೋ ಮತ್ತೆ ಮತ್ತೆ ನೋಡಿದೆ. ಸಕ್ರಪ್ಪ ನೆಲಕ್ಕೆ ಕೈಯೂರಿ, ಮೊಣಕಾಲು ಹಿಡಿದು, ತೊಡೆ ಹಿಡಿದು ಎದ್ದು ನಿಲ್ಲುತ್ತಾನೆ. ಅಜ್ಜನ ಹೆಸರಿಟ್ಟದ್ದಕ್ಕ ಅಜ್ಜನಂಗ ಏಳತಾನ ನೋಡ್ರಿ ಅಂತ ನಿಮ್ಮ ಮನೆಯವರೆಲ್ಲ ನಗುತ್ತಾರೆ, ನೀನೂ ನಗುತ್ತೀಯ. ನಾಲ್ಕು ವರ್ಷದವನಿದ್ದಾಗ ಮಲ್ಲುವೂ ಹೀಗೇ ಏಳುತ್ತಿದ್ದ. ನಾವೂ ನಗುತ್ತಿದ್ದೆವು.